ತಿದ್ದಿದ ವಚನ ಓದುಗರನ್ನು ತಲುಪುವ ಬಗೆ: ತಂತ್ರಾಂಶದ ಮರುನಿಯೋಜನೆ

ಶರಣರ ವಚನಗಳು ಇಂದು ಬಹುಜನರಿಗೆ ಪುಸ್ತಕಕ್ಕಿಂತ ಮೊದಲು ಮೊಬೈಲಿನಲ್ಲಿಯೇ ದೊರೆಯುತ್ತಿವೆ. ಇಷ್ಟಲಿಂಗ ಪೂಜೆಯ ನಂತರ ದಿನಕ್ಕೊಂದು ವಚನ ಓದುವ ತಾಯಂದಿರು, ಶಿವಾನುಭವ ಗೋಷ್ಠಿಗೆ ಉಪನ್ಯಾಸ ಸಿದ್ಧಪಡಿಸುವ ಶಿಕ್ಷಕರು, ವಚನ ಕಂಠಪಾಠ ಸ್ಪರ್ಧೆಗೆ ಅಣಿಯಾಗುವ ಮಕ್ಕಳು, ಲಗ್ನಪತ್ರಿಕೆಯ ಮೇಲ್ಭಾಗದಲ್ಲಿ ಒಂದು ವಚನವನ್ನು ಅಚ್ಚು ಹಾಕಿಸಬಯಸುವ ಗೃಹಸ್ಥರು, ಎಲ್ಲರೂ ಜಾಲತಾಣ ಮತ್ತು ಆ್ಯಪ್‌ಗಳನ್ನೇ ಆಶ್ರಯಿಸಿದ್ದಾರೆ. ಕೋಟುಮಚಗಿಯಂತಹ ಹಳ್ಳಿಯಲ್ಲಿರುವವರಿಗೂ ಬೆಂಗಳೂರು, ಪುಣೆ, ಅಮೆರಿಕದಲ್ಲಿ ನೆಲೆಸಿರುವವರಿಗೂ ಒಂದೇ ಪಠ್ಯ ಒಂದೇ ಕ್ಷಣದಲ್ಲಿ ಲಭ್ಯವಾಗುವುದು ಈ ಕಾಲದ ದೊಡ್ಡ ಅನುಕೂಲವೇ ಸರಿ.

ಆದರೆ ಈ ಅನುಕೂಲದೊಡನೆ ಒಂದು ಪ್ರಶ್ನೆಯೂ ಬಂದಿದೆ. ಭಕ್ತರು ಅದನ್ನು ನಮ್ಮಲ್ಲಿ ಪದೇ ಪದೇ ಕೇಳುತ್ತಾರೆ. "ಇಂಥ ಆ್ಯಪ್‌ನಲ್ಲಿ ವಚನವೊಂದು ತಪ್ಪಾಗಿದೆ ಎಂದು ನಿರ್ವಾಹಕರಿಗೆ ತಿಳಿಸಿದೆವು. ತಿದ್ದಿದ್ದೇವೆ ಎಂದು ಅವರು ಉತ್ತರವನ್ನೂ ಕೊಟ್ಟರು. ಆದರೂ ನಮ್ಮ ಮೊಬೈಲಿನಲ್ಲಿ ಹಳೆಯ ತಪ್ಪೇ ಇದೆಯಲ್ಲ, ಇದೇಕೆ?" ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ತಪ್ಪು ಪಾಠವನ್ನು ಬಾಯಿಪಾಠ ಮಾಡಿದ ಮಗು ಅದನ್ನೇ ವೇದಿಕೆಯ ಮೇಲೆ ಹೇಳುತ್ತದೆ. ಮುಂದೆ ತಾನು ದೊಡ್ಡವನಾದಾಗ ತನ್ನ ಮಕ್ಕಳಿಗೂ ಅದನ್ನೇ ಕಲಿಸುತ್ತದೆ. ಆದ್ದರಿಂದ ಈ ವಿಷಯವನ್ನು ತುಸು ವಿವರವಾಗಿಯೇ ನಿವೇದಿಸಬಯಸುತ್ತೇವೆ.

ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳುವುದಾದರೆ, ಪಠ್ಯವನ್ನು ತಿದ್ದುವುದು ಒಂದು ಕೆಲಸ, ತಿದ್ದಿದ ಪಠ್ಯವನ್ನು ಓದುಗರ ಕೈಗೆ ಮುಟ್ಟಿಸುವುದು ಮತ್ತೊಂದು ಕೆಲಸ. ಈ ಎರಡನೆಯ ಕೆಲಸವನ್ನು ತಂತ್ರಜ್ಞರು ರೀಡಿಪ್ಲಾಯ್‌ಮೆಂಟ್ ಎನ್ನುತ್ತಾರೆ. ಬದಲಾದ ಒಳಪಠ್ಯವನ್ನು ಒಳಗೊಂಡಂತೆ ತಂತ್ರಾಂಶವನ್ನು ಮತ್ತೆ ಸಿದ್ಧಪಡಿಸಿ, ಬಳಕೆಯ ಜಾಗದಲ್ಲಿ ಮತ್ತೆ ನೆಲೆಗೊಳಿಸುವುದೇ ಇದರ ಅರ್ಥ. ಇಲ್ಲಿ ಅದನ್ನು 'ಮರುನಿಯೋಜನೆ' ಎಂದು ಕರೆಯೋಣ.

ಶಿಲೆ, ಓಲೆ, ಅಚ್ಚು, ಆ್ಯಪ್

ಬರಹದ ಇತಿಹಾಸವನ್ನು ನೋಡಿದರೆ ಈ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ಗದಗ ತಾಲೂಕಿನ ಕೋಟುಮಚಗಿಗೆ ಶಾಸನಗಳಲ್ಲಿ ಉಮ್ಮಚಿಗೆ ಎಂಬ ಹೆಸರಿದೆ. ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1012ರ ಇಲ್ಲಿನ ಶಾಸನವು ಅಗ್ರಹಾರದ ವಿದ್ಯಾದಾನಕ್ಕಾಗಿ ಭೂಮಿ ಬಿಟ್ಟ ಸಂಗತಿಯನ್ನು ದಾಖಲಿಸಿದೆ. ಶಿಲಾಶಾಸನವನ್ನು ಓದಬೇಕಾದವರು ಆ ಕಲ್ಲಿನ ಬಳಿಗೇ ಬರಬೇಕು. ಅದರ ಪ್ರತಿ ಒಂದೇ. ಅಲ್ಲಿ ಒಂದು ಅಕ್ಷರ ತಿದ್ದಿದರೆ ನೋಡಬಂದ ಎಲ್ಲರಿಗೂ ತಿದ್ದಿದ್ದೇ ಕಾಣುತ್ತದೆ.

ತಾಡೋಲೆಯ ಕಾಲದಲ್ಲಿ ಪ್ರತಿಗಳು ಹಲವಾದವು. ಒಂದು ಮಠದ ಓಲೆಯನ್ನು ನೋಡಿ ಮತ್ತೊಂದು ಮಠದಲ್ಲಿ ಪ್ರತಿ ಮಾಡಿಕೊಂಡರು. ಒಂದು ಕಟ್ಟಿನಲ್ಲಿ ತಿದ್ದಿದ್ದು ಇನ್ನೊಂದು ಊರಿನ ಕಟ್ಟಿಗೆ ತಾನಾಗಿ ಹೋಗಲಾರದು. ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದು ಲಿಪಿಕಾರರು ಗ್ರಂಥಾಂತ್ಯದಲ್ಲಿ ಬೇಡಿಕೊಳ್ಳುತ್ತಿದ್ದುದು ಈ ಕಾರಣಕ್ಕಾಗಿಯೇ.

ಅಚ್ಚಿನ ಕಾಲ ಬಂದಿತು. ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠಗಳನ್ನು ಸುತ್ತಿ ಓಲೆಗಳನ್ನು ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಮುದ್ರಣದ ಕಷ್ಟಗಳನ್ನು ಕಂಡು ವಿಜಯಪುರದಲ್ಲಿ ತಾವೇ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅವರ ಜನ್ಮದಿನವಾದ ಜುಲೈ 2ನ್ನು ನಾವು ವಚನ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಆ ದಿನಗಳಲ್ಲಿ ಕರಡಚ್ಚಿನಲ್ಲಿ ಕಂಡ ತಪ್ಪನ್ನು ಮೊಳೆ ಬದಲಿಸಿ ಸರಿಪಡಿಸಬಹುದಾಗಿತ್ತು. ಆದರೆ ಹಾಳೆಗಳು ಅಚ್ಚಾಗಿ ಹೊಲಿಗೆ ಬಿದ್ದ ಮೇಲೆ ಕಂಡ ತಪ್ಪಿಗೆ ಒಪ್ಪೋಲೆಯೊಂದೇ ಗತಿ. ಮೊಳೆಯನ್ನು ಎಷ್ಟೇ ಸರಿಯಾಗಿ ಜೋಡಿಸಿದರೂ ಮಾರಾಟವಾಗಿ ಹೋದ ಪುಸ್ತಕ ಬದಲಾಗದು. ಹೊಸ ಮುದ್ರಣ ಆಗಬೇಕು, ಅದು ಓದುಗರನ್ನು ತಲುಪಬೇಕು.

ಆ್ಯಪ್‌ನ ಸ್ಥಿತಿಯೂ ಇದೇ. ವ್ಯತ್ಯಾಸವೆಂದರೆ, ಎಷ್ಟು ಮೊಬೈಲುಗಳಿವೆಯೋ ಅಷ್ಟು ಪ್ರತಿಗಳು. ಜಾಲವೆಂದರೆ ಕಲ್ಲಿನಂತೆ ಒಂದೇ ಕಡೆ ಇರುವ ಪಠ್ಯ, ಅಲ್ಲಿ ತಿದ್ದಿದರೆ ಎಲ್ಲೆಡೆ ತಿದ್ದಿದಂತಾಯಿತು ಎಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಅಚ್ಚಿನ ಪುಸ್ತಕಕ್ಕೇ ಹತ್ತಿರ. ಆದರೆ ಪುಸ್ತಕಕ್ಕಿಲ್ಲದ ಒಂದು ಭಾಗ್ಯ ಇದಕ್ಕಿದೆ: ಕ್ರಮವರಿತು ಮಾಡಿದರೆ ಓದುಗರ ಮನೆಯಲ್ಲಿರುವ ಪ್ರತಿಯನ್ನೂ ನಾವು ಇಲ್ಲಿಂದಲೇ ಬದಲಿಸಬಹುದು.

ಪಠ್ಯ ಇರುವ ಮೂರು ನೆಲೆಗಳು

ವಚನಗಳ ಆ್ಯಪ್ ಅಥವಾ ಜಾಲತಾಣದಲ್ಲಿ ಒಂದೇ ವಚನವು ಮೂರು ಕಡೆ ನೆಲೆಸಿರುತ್ತದೆ. ಮೊದಲನೆಯದು ಮೂಲ. ಸಂಪಾದಕರು ಮತ್ತು ತಂತ್ರಜ್ಞರು ಕೆಲಸ ಮಾಡುವ ಕಡತಗಳು ಇವು. ಎರಡನೆಯದು ಸರ್ವರ್, ಅಂದರೆ ಹಗಲಿರುಳು ಓಡುತ್ತ, ಕೇಳಿದವರಿಗೆ ಪಠ್ಯ ಒದಗಿಸುವ ಯಂತ್ರ. ಮೂರನೆಯದು ಓದುಗರ ಮೊಬೈಲು ಅಥವಾ ಗಣಕಯಂತ್ರ. ಮೂಲದಲ್ಲಿ ಮಾಡಿದ ಬದಲಾವಣೆ ಎರಡನೆಯ ನೆಲೆಗೆ ತಾನಾಗಿ ಹೋಗದು. ಎರಡನೆಯದಕ್ಕೆ ಹೋದರೂ ಮೂರನೆಯದಕ್ಕೆ ಹೋಗಿಯೇ ಬಿಡುತ್ತದೆಂಬ ಖಾತರಿಯಿಲ್ಲ.

ಮೂಲ ಕಡತಗಳನ್ನು ಹಾಗೆಯೇ ಬಳಕೆಗೆ ಬಿಡುವುದು ವಿರಳ. ಅವನ್ನು ಒಟ್ಟುಗೂಡಿಸಿ ಒಂದು ಗಂಟು ಕಟ್ಟಲಾಗುತ್ತದೆ. ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಉದಾಹರಣೆಗೆ, ಜಾವಾ ಭಾಷೆಯಲ್ಲಿ ರಚಿಸಿದ ಜಾಲ ತಂತ್ರಾಂಶವನ್ನು ವಾರ್ ಎಂಬ ಒಂದೇ ಕಡತವಾಗಿ ಕಟ್ಟಿ ಟಾಮ್‌ಕ್ಯಾಟ್‌ನಂತಹ ಸರ್ವರಿನಲ್ಲಿ ಇರಿಸುತ್ತಾರೆ. ಸರ್ವರ್ ಆ ಗಂಟನ್ನು ಬಿಚ್ಚಿ, ಒಳಗಿರುವುದನ್ನು ಹರಡಿಕೊಂಡು ಸೇವೆ ಆರಂಭಿಸುತ್ತದೆ. ಆಂಡ್ರಾಯ್ಡ್ ಆ್ಯಪ್‌ಗಳಿಗೂ ಇಂಥದೇ ಗಂಟು ಇದೆ. ಅದನ್ನು ಪ್ಲೇ ಸ್ಟೋರಿಗೆ ಏರಿಸಬೇಕು.

ತಿದ್ದುಪಡಿ ಮೂಲದಲ್ಲಿಯೇ ಆಗಬೇಕು

ಇಲ್ಲಿ ಅನೇಕ ಸಂಸ್ಥೆಗಳಲ್ಲಿ ನಡೆಯುವ ಒಂದು ತೊಡಕನ್ನು ಹೇಳಲೇಬೇಕು. ನಾಳೆ ಬಸವ ಜಯಂತಿ. ಮುಖಪುಟದ ವಚನದಲ್ಲಿ ತಪ್ಪೊಂದು ಕಂಡಿತು. ಹೊಸ ಗಂಟು ಕಟ್ಟಲು ಸಮಯವಿಲ್ಲವೆಂದು ಸ್ವಯಂಸೇವಕರೊಬ್ಬರು ನೇರವಾಗಿ ಸರ್ವರಿನೊಳಗೆ ಹೋಗಿ, ಬಿಚ್ಚಿ ಹರಡಿದ ಕಡತದಲ್ಲಿಯೇ ಅಕ್ಷರ ತಿದ್ದಿದರು ಎಂದಿಟ್ಟುಕೊಳ್ಳೋಣ. ತಿದ್ದುಪಡಿ ಕೂಡಲೇ ಕಂಡಿತು, ಎಲ್ಲರಿಗೂ ಸಮಾಧಾನವಾಯಿತು. ಎರಡು ತಿಂಗಳ ನಂತರ ಜಾತ್ರೆಯ ಕಾರ್ಯಕ್ರಮ ಪಟ್ಟಿಯನ್ನು ಸೇರಿಸಲು ಮತ್ತೊಬ್ಬರು ಮೂಲ ಕಡತಗಳಿಂದ ಹೊಸ ಗಂಟು ಕಟ್ಟಿ ಏರಿಸಿದರು. ಸರ್ವರ್ ಹಳೆಯದನ್ನು ಅಳಿಸಿ ಹೊಸದನ್ನು ಹರಡಿತು. ಜಾತ್ರೆಯ ಪಟ್ಟಿ ಬಂದಿತು. ಅದರೊಡನೆ ಹಳೆಯ ತಪ್ಪೂ ಮರಳಿ ಬಂದಿತು. ಏಕೆಂದರೆ ಮೂಲದಲ್ಲಿ ಅದನ್ನು ಯಾರೂ ತಿದ್ದಿರಲೇ ಇಲ್ಲ.

ಇಂತಹ ತಪ್ಪು ಮೊದಲ ತಪ್ಪಿಗಿಂತ ಅಪಾಯಕಾರಿ. ಸರಿಯಾಗಿದೆಯೆಂದು ಎಲ್ಲರೂ ನಂಬಿರುವುದರಿಂದ ಯಾರೂ ಮತ್ತೆ ನೋಡುವುದಿಲ್ಲ. ಆದ್ದರಿಂದ ಮೊದಲ ನಿಯಮವಿದು: ಎಷ್ಟೇ ಅವಸರವಿರಲಿ, ತಿದ್ದುಪಡಿ ಮೂಲದಲ್ಲಿ ಆಗಬೇಕು, ಅಲ್ಲಿಂದ ಗಂಟು ಕಟ್ಟಿ ಸರ್ವರಿಗೆ ಬರಬೇಕು. ಮೂಲ ಕಡತಗಳನ್ನು ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟುಕೊಳ್ಳದೆ, ಬದಲಾವಣೆಗಳ ಇತಿಹಾಸ ಉಳಿಸುವ ವ್ಯವಸ್ಥೆಯಲ್ಲಿ ಇಡುವುದು ಉತ್ತಮ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ರೂಪಿಸಿದ ಗಿಟ್ ಇಂದು ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಯಾವ ದಿನ, ಯಾರು, ಯಾವ ಸಾಲನ್ನು ಹೇಗೆ ಬದಲಿಸಿದರು ಎಂಬುದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ.

ಒಂದು ಸೊನ್ನೆಯ ದೆಸೆಯಿಂದ

ಕನ್ನಡ ಪಠ್ಯದಲ್ಲಿ ಬರುವ ತೊಡಕುಗಳಿಗೆ ನಮ್ಮ ಲಿಪಿಯ ಗಣಕೀಕರಣದ ಇತಿಹಾಸವೂ ಕಾರಣ. ಯುನಿಕೋಡ್ ಎಲ್ಲೆಡೆ ಬಳಕೆಗೆ ಬರುವ ಮುನ್ನ ನಾವು ನುಡಿ, ಬರಹ, ಶ್ರೀಲಿಪಿಯಂತಹ ತಂತ್ರಾಂಶಗಳ ಫಾಂಟುಗಳಲ್ಲಿ ಬೆರಳಚ್ಚು ಮಾಡಿದೆವು. ಅವುಗಳಲ್ಲಿ ಅಕ್ಷರದ ಆಕಾರದ ತುಣುಕುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಉಳಿಯುತ್ತಿದ್ದವು. 'ಧರ್ಮ' ಎಂಬಲ್ಲಿ ಮಕಾರ ಮೊದಲು, ಅರ್ಕಾವೊತ್ತು ಆಮೇಲೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ: ರೇಫ ಮೊದಲು, ಮಕಾರ ಆಮೇಲೆ. ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವಾಗ ಈ ಕ್ರಮ ತಪ್ಪಿದರೆ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂಡುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪು, ಓದುವವರು ಹಿಡಿಯುತ್ತಾರೆ.

ಕಣ್ಣಿಗೆ ಕಾಣದ ತಪ್ಪು ಇನ್ನೊಂದಿದೆ. ಕನ್ನಡದ ಅನುಸ್ವಾರ 'ಂ' ಮತ್ತು ಕನ್ನಡ ಅಂಕಿಯ ಸೊನ್ನೆ '೦' ನೋಡಲು ಬಹುಮಟ್ಟಿಗೆ ಒಂದೇ. ಆದರೆ ಯುನಿಕೋಡಿನಲ್ಲಿ ಅವೆರಡಕ್ಕೂ ಬೇರೆ ಬೇರೆ ಸಂಕೇತ. ಯಾರೋ ಬೆರಳಚ್ಚು ಮಾಡುವಾಗ 'ಲಿಂಗ' ಎಂಬುದಕ್ಕೆ ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿ 'ಲಿ೦ಗ' ಎಂದು ಬರೆದಿದ್ದರೆ, ಓದುವ ಮನುಷ್ಯನಿಗೆ ತೊಂದರೆಯಿಲ್ಲ. ಆದರೆ 'ಲಿಂಗ' ಎಂದು ಹುಡುಕಿದವರಿಗೆ ಆ ವಚನ ಸಿಗುವುದೇ ಇಲ್ಲ. ವಚನ ಆ್ಯಪ್‌ನಲ್ಲಿದೆ, ಆದರೂ ಇಲ್ಲದಂತೆ.

ಹುಡುಕಾಟದ ಮಹತ್ವವನ್ನು ಬಲ್ಲವರು 'ವಚನ ಸಂಚಯ'ವನ್ನು ಬಲ್ಲರು. ಕತೆಗಾರ ವಸುಧೇಂದ್ರ, ತಂತ್ರಜ್ಞ ಓಂಶಿವಪ್ರಕಾಶ್ ಮೊದಲಾದವರ ಶ್ರಮದಿಂದ ರೂಪುಗೊಂಡ ಈ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕಬಹುದು. ಒಂದು ಪದವನ್ನು ಯಾವ ಯಾವ ಶರಣರು ಎಲ್ಲೆಲ್ಲಿ ಬಳಸಿದ್ದಾರೆಂಬುದು ಕ್ಷಣಾರ್ಧದಲ್ಲಿ ತಿಳಿಯುತ್ತದೆ. ಹಿಂದೆ ಸಂಶೋಧಕರು ತಿಂಗಳುಗಟ್ಟಲೆ ಚೀಟಿ ಬರೆದು ಮಾಡುತ್ತಿದ್ದ ಕೆಲಸವಿದು. ಇಂತಹ ಕೋಶದಲ್ಲಿ ಒಂದು ಸೊನ್ನೆ ತಪ್ಪಿದರೆ ಸಂಶೋಧನೆಯ ತೀರ್ಮಾನವೇ ತಪ್ಪಬಹುದು.

ಸರಿ, ಎಲ್ಲ ಅಂಕಿ ಸೊನ್ನೆಗಳನ್ನೂ ಒಂದೇ ಆಜ್ಞೆಯಿಂದ ಅನುಸ್ವಾರವಾಗಿ ಬದಲಿಸಿಬಿಡೋಣ ಎಂದರೆ ಏನಾಗುತ್ತದೆ? 'ಲಿ೦ಗ' ಎಂಬುದು 'ಲಿಂಗ'ವಾಗುತ್ತದೆ. ಆದರೆ '೧೦೮' ಎಂಬುದು '೧ಂ೮' ಆಗುತ್ತದೆ. ಒಂದು ದೋಷವನ್ನು ಕಳೆಯಹೋಗಿ ಮತ್ತೊಂದನ್ನು ತಂದಂತಾಯಿತು. ಅಕ್ಷರದ ಮಗ್ಗುಲಲ್ಲಿರುವ ಸೊನ್ನೆಯನ್ನು ಮಾತ್ರ ಬದಲಿಸಿ, ಅಂಕಿಗಳ ನಡುವಿನದನ್ನು ಬಿಡುವಂತೆ ಆಜ್ಞೆಯನ್ನು ರಚಿಸಬೇಕು. ಹಾಗೆ ರಚಿಸಿದ ಮೇಲೂ ಪರೀಕ್ಷಿಸದೆ ಬಳಕೆಗೆ ಬಿಡಬಾರದು.

ಪರೀಕ್ಷಾ ತಾಣ

ಹೊಸ ಗಂಟನ್ನು ನೇರವಾಗಿ ಭಕ್ತರ ಮುಂದಿಡದೆ, ಮೊದಲು ಕೆಲವರಿಗಷ್ಟೇ ಕಾಣುವ ಪ್ರತ್ಯೇಕ ತಾಣದಲ್ಲಿ ಇರಿಸಿ ನೋಡಬೇಕು. ಅಚ್ಚುಮನೆಯ ಕರಡಚ್ಚಿಗೆ ಸಮಾನವಾದ ಹಂತವಿದು. ಇಲ್ಲಿ ನೋಡಬೇಕಾದವು ಮುಖ್ಯವಾಗಿ ನಾಲ್ಕು.

ಮೊದಲನೆಯದು ಎಣಿಕೆ. ಬದಲಾವಣೆಗೆ ಮುಂಚೆ ಎಷ್ಟು ವಚನಗಳಿದ್ದವೋ ಈಗಲೂ ಅಷ್ಟೇ ಇವೆಯೇ? ಪರಿವರ್ತನೆಯ ವೇಳೆ ಒಂದು ಚಿಹ್ನೆ ತಪ್ಪಿ ಎರಡು ವಚನಗಳು ಒಂದಾಗುವುದು, ಕೊನೆಯ ಸಾಲು ಕತ್ತರಿಸಿ ಹೋಗುವುದು ಅಪರೂಪವಲ್ಲ.

ಎರಡನೆಯದು ಹೋಲಿಕೆ. ಹಳೆಯ ಮತ್ತು ಹೊಸ ಪಠ್ಯಗಳನ್ನು ಸಾಲುಸಾಲಾಗಿ ಹೋಲಿಸುವ ಸಾಧನಗಳಿವೆ. ನಾವು ಹತ್ತು ಕಡೆ ತಿದ್ದಿದ್ದರೆ ಹತ್ತೇ ವ್ಯತ್ಯಾಸ ಕಾಣಬೇಕು. ಹನ್ನೊಂದನೆಯದು ಕಂಡರೆ ಅದರ ಕಾರಣ ತಿಳಿಯುವವರೆಗೆ ಮುಂದಡಿ ಇಡಕೂಡದು.

ಮೂರನೆಯದು ಹುಡುಕಾಟದ ಸೂಚಿ. ತ್ವರಿತವಾಗಿ ಹುಡುಕಲು ತಂತ್ರಾಂಶವು ಪದಗಳ ಸೂಚಿಯೊಂದನ್ನು ಮೊದಲೇ ಸಿದ್ಧಪಡಿಸಿಕೊಂಡಿರುತ್ತದೆ. ಪಠ್ಯ ಬದಲಿಸಿ ಸೂಚಿಯನ್ನು ಮತ್ತೆ ಕಟ್ಟದಿದ್ದರೆ, ಪುಟದಲ್ಲಿ ಹೊಸ ಪದ, ಹುಡುಕಾಟದಲ್ಲಿ ಹಳೆಯ ಪದ ಎಂಬ ವಿಚಿತ್ರ ಸ್ಥಿತಿ ಉಂಟಾಗುತ್ತದೆ.

ನಾಲ್ಕನೆಯದು ಕಣ್ಣಿನ ಪರೀಕ್ಷೆ. ಹೊಸ ಮೊಬೈಲಿನಲ್ಲಿ ಸರಿಯಾಗಿ ಕಾಣುವ ಒತ್ತಕ್ಷರ ಹಳೆಯ ಮೊಬೈಲಿನಲ್ಲಿ ಒಡೆದು ಕಾಣಬಹುದು. ಹಳೆಗನ್ನಡದ 'ಱ', 'ೞ' ಅಕ್ಷರಗಳು ಕೆಲವು ಫಾಂಟುಗಳಲ್ಲಿ ಇಲ್ಲದೆ ಬರಿಯ ಚೌಕವಾಗಿ ತೋರಬಹುದು. ಆದ್ದರಿಂದ ಬೆಲೆಬಾಳುವ ಒಂದು ಫೋನಿನಲ್ಲಿ ನೋಡಿ ತೃಪ್ತರಾಗದೆ, ಹಳ್ಳಿಯ ಭಕ್ತರ ಕೈಯಲ್ಲಿರುವ ಸಾಧಾರಣ ಫೋನುಗಳಲ್ಲಿಯೂ ನೋಡಬೇಕು. ನೋಡುವವರು ತಂತ್ರಜ್ಞರೊಬ್ಬರೇ ಆಗದೆ ವಚನ ಬಲ್ಲ ಹಿರಿಯರೂ ಆಗಿರಬೇಕು.

ಹಳೆಯ ಪಾಠ ಮೊಬೈಲಿನಲ್ಲಿ ಏಕೆ ಉಳಿಯುತ್ತದೆ?

ಈಗ ಭಕ್ತರ ಮೂಲ ಪ್ರಶ್ನೆಗೆ ಬರೋಣ. ಸರ್ವರಿನಲ್ಲಿ ಹೊಸ ಪಠ್ಯ ಬಂದ ನಂತರವೂ ಮೊಬೈಲಿನಲ್ಲಿ ಹಳೆಯದು ಕಾಣಲು ಎರಡು ಮುಖ್ಯ ಕಾರಣಗಳಿವೆ.

ಒಂದು, ಬ್ರೌಸರಿನ ಸಂಗ್ರಹ. ಒಮ್ಮೆ ತೆರೆದ ಪುಟದ ಭಾಗಗಳನ್ನು ಬ್ರೌಸರ್ ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಇದಕ್ಕೆ ಕ್ಯಾಶ್ ಎಂದು ಹೆಸರು. ಮತ್ತೊಮ್ಮೆ ತೆರೆದಾಗ ದೂರದ ಸರ್ವರಿನವರೆಗೆ ಹೋಗದೆ ಕೂಡಿಟ್ಟದ್ದನ್ನೇ ತೋರಿಸುತ್ತದೆ. ನೆಟ್‌ವರ್ಕ್ ದುರ್ಬಲವಾಗಿರುವ ಊರುಗಳಲ್ಲಿ ಇದರಿಂದ ಉಪಕಾರವೇ ಹೆಚ್ಚು. ಆದರೆ ತಿದ್ದುಪಡಿ ಬೇಗ ತಲುಪದು. ಇದಕ್ಕೆ ತಂತ್ರಜ್ಞರ ಬಳಿ ಪರಿಹಾರವಿದೆ. ಪಠ್ಯ ಬದಲಾದಾಗಲೆಲ್ಲ ಆ ಕಡತದ ಹೆಸರಿನಲ್ಲಿಯೇ ಆವೃತ್ತಿಯ ಗುರುತನ್ನು ಬದಲಿಸಿದರೆ, ಬ್ರೌಸರ್ ಅದನ್ನು ಹೊಸ ಕಡತವೆಂದು ಬಗೆದು ಸರ್ವರಿನಿಂದಲೇ ತರಿಸಿಕೊಳ್ಳುತ್ತದೆ. ಜೊತೆಗೆ, ಕೂಡಿಟ್ಟ ಪ್ರತಿಯನ್ನು ಎಷ್ಟು ಕಾಲ ನಂಬಬಹುದೆಂಬ ಸೂಚನೆಯನ್ನೂ ಸರ್ವರ್ ಕೊಡಬಹುದು.

ಎರಡು, ಆ್ಯಪ್‌ನೊಳಗಿನ ದತ್ತಕೋಶ. ಇಂಟರ್‌ನೆಟ್ ಇಲ್ಲದೆಯೂ ಓದಲು ಬರುವ ವಚನ ಆ್ಯಪ್‌ಗಳು ಎಲ್ಲ ವಚನಗಳನ್ನೂ ತಮ್ಮೊಡನೆ ಹೊತ್ತು ತರುತ್ತವೆ. ಮೊದಲ ಸಲ ತೆರೆದಾಗ ಆ ಪಠ್ಯವನ್ನು ಮೊಬೈಲಿನ ಸ್ಮೃತಿಗೆ ನಕಲು ಮಾಡಿಕೊಳ್ಳುವುದು, ಆಮೇಲೆ ಆ ನಕಲನ್ನೇ ಓದುವುದು ಅನೇಕ ಆ್ಯಪ್‌ಗಳ ರೀತಿ. ಈಗ ಹೊಸ ಆವೃತ್ತಿ ಬಂದಿತು, ಭಕ್ತರು ಅಪ್‌ಡೇಟ್ ಮಾಡಿಕೊಂಡರು. ಹೊಸ ಗಂಟಿನೊಳಗೆ ತಿದ್ದಿದ ಪಠ್ಯವೂ ಬಂದಿದೆ. ಆದರೆ ಆ್ಯಪ್ ನೋಡುವುದು ಏನನ್ನು? "ನಕಲು ಈಗಾಗಲೇ ಇದೆ" ಎಂದು ತಿಳಿದು ಹಳೆಯದನ್ನೇ ತೆರೆಯುತ್ತದೆ. ದತ್ತಕೋಶಕ್ಕೂ ಒಂದು ಆವೃತ್ತಿ ಸಂಖ್ಯೆ ಕೊಟ್ಟು, ಅದು ಹೆಚ್ಚಿದಾಗ ಹೊಸ ನಕಲು ಮಾಡಬೇಕೆಂದು ತಂತ್ರಾಂಶದಲ್ಲಿ ಬರೆದಿದ್ದರೆ ಮಾತ್ರ ಬದಲಾವಣೆ ಕಾಣುತ್ತದೆ. ಹೊಸದಾಗಿ ಆ್ಯಪ್ ಹಾಕಿಕೊಂಡವರಿಗೆ ಸರಿಯಾದ ಪಾಠ, ಬಹುಕಾಲದಿಂದ ಬಳಸುವವರಿಗೆ ತಪ್ಪು ಪಾಠ ಕಾಣುವ ಸೋಜಿಗದ ಹಿಂದೆ ಇದೇ ಕಾರಣವಿರುತ್ತದೆ.

ಇಲ್ಲಿಯೂ ಒಂದು ಎಚ್ಚರ ಬೇಕು. ಹಳೆಯ ನಕಲನ್ನು ಅಳಿಸಿ ಹೊಸದನ್ನು ಇರಿಸುವಾಗ, ಭಕ್ತರು ಗುರುತು ಹಾಕಿಕೊಂಡ ಮೆಚ್ಚಿನ ವಚನಗಳು, ಬರೆದುಕೊಂಡ ಟಿಪ್ಪಣಿಗಳು ಅದೇ ಕೋಶದಲ್ಲಿದ್ದರೆ ಅವೂ ಅಳಿಸಿಹೋಗುತ್ತವೆ. ವರ್ಷಗಳ ಅಧ್ಯಯನದ ಗುರುತುಗಳು ಒಂದು ಅಪ್‌ಡೇಟಿನಿಂದ ಮಾಯವಾದರೆ ಆ ನೋವು ಚಿಕ್ಕದಲ್ಲ. ಆದ್ದರಿಂದ ವಚನ ಪಠ್ಯಕ್ಕೆ ಒಂದು ಕೋಶ, ಓದುಗರ ಸ್ವಂತ ಗುರುತುಗಳಿಗೆ ಬೇರೊಂದು ಕೋಶ ಇರುವಂತೆ ಮೊದಲೇ ರೂಪಿಸಬೇಕು.

ಉರಿಯುವ ಒಲೆ ಆರದಂತೆ

ಜಾತ್ರೆಯ ದಾಸೋಹದಲ್ಲಿ ಪಂಕ್ತಿಗಳು ಸಾಗಿರುವಾಗ ಒಲೆಯೊಂದು ದುರಸ್ತಿಗೆ ಬಂದರೆ ನಾವೇನು ಮಾಡುತ್ತೇವೆ? ಉರಿಯುವುದನ್ನು ಆರಿಸಿ, ಭಕ್ತರನ್ನು ಎಲೆಯ ಮುಂದೆ ಕಾಯಿಸಿ, ಆಮೇಲೆ ಹೊಸ ಒಲೆ ಹೂಡುವುದಿಲ್ಲ. ಪಕ್ಕದಲ್ಲಿ ಹೊಸ ಒಲೆ ಹೂಡಿ, ಅದರ ಮೇಲೆ ಅಡುಗೆ ಸಿದ್ಧವಾದ ಮೇಲೆ ಹಳೆಯದನ್ನು ಇಳಿಸುತ್ತೇವೆ. ಸರ್ವರಿನ ಮರುನಿಯೋಜನೆಯಲ್ಲಿಯೂ ಉತ್ತಮ ಪದ್ಧತಿ ಇದೇ. ಹಳೆಯ ಆವೃತ್ತಿ ಓಡುತ್ತಿರುವಾಗಲೇ ಪಕ್ಕದಲ್ಲಿ ಹೊಸದನ್ನು ಆರಂಭಿಸಿ, ಅದು ಸರಿಯಾಗಿ ಉತ್ತರಿಸುತ್ತಿದೆಯೆಂದು ಖಚಿತಪಡಿಸಿಕೊಂಡು, ಬರುವ ಓದುಗರನ್ನು ಅತ್ತ ತಿರುಗಿಸಬೇಕು. ಹಳೆಯದನ್ನು ಕೂಡಲೇ ಅಳಿಸದೆ ಕೆಲವು ದಿನ ಉಳಿಸಿಕೊಳ್ಳಬೇಕು. ಹೊಸದರಲ್ಲಿ ಊಹಿಸದ ದೋಷ ಕಂಡರೆ ಹಿಂದಿರುಗಲು ದಾರಿ ಇರಬೇಕಲ್ಲವೇ?

ಜಾಲತಾಣದಲ್ಲಿ ದಾಸೋಹ ಸೇವೆಯ ನೋಂದಣಿ, ಕಾಣಿಕೆ ಸಲ್ಲಿಕೆಯ ವ್ಯವಸ್ಥೆಯೂ ಇದ್ದರೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ಭಕ್ತರೊಬ್ಬರು ಹಣ ಸಲ್ಲಿಸುತ್ತಿರುವ ಕ್ಷಣದಲ್ಲಿ ಸರ್ವರ್ ನಿಂತರೆ, ಖಾತೆಯಿಂದ ಹಣ ಹೋಗಿ ರಸೀದಿ ಬಾರದಿರಬಹುದು. ಆದ್ದರಿಂದ ಜನಸಂಚಾರ ಕಡಿಮೆಯಿರುವ ಹೊತ್ತಿನಲ್ಲಿ ಈ ಕಾರ್ಯ ಮಾಡಬೇಕು. ಬಸವ ಜಯಂತಿ, ಜಾತ್ರೆ, ಶ್ರಾವಣದ ಸೋಮವಾರಗಳ ಮುನ್ನಾದಿನ ಇಂತಹ ಬದಲಾವಣೆಗೆ ಕೈ ಹಾಕದಿರುವುದು ಲೇಸು. ಆರಂಭಿಸುವ ಮೊದಲು ದತ್ತಕೋಶದ ಪೂರ್ಣ ಪ್ರತಿಯೊಂದನ್ನು ಬೇರೆಡೆ ತೆಗೆದಿಡಬೇಕು. ಆ ಪ್ರತಿಯಿಂದ ಮತ್ತೆ ಕಟ್ಟಲು ಬರುತ್ತದೆಯೇ ಎಂದು ಒಮ್ಮೆ ಮಾಡಿಯೂ ನೋಡಿರಬೇಕು. ಆ್ಯಪ್‌ಗಳ ವಿಷಯದಲ್ಲಿ ಪ್ಲೇ ಸ್ಟೋರ್ ಒಂದು ಅನುಕೂಲ ಒದಗಿಸಿದೆ: ಹೊಸ ಆವೃತ್ತಿಯನ್ನು ಮೊದಲು ನೂರಕ್ಕೆ ಇಂತಿಷ್ಟು ಬಳಕೆದಾರರಿಗೆ ಮಾತ್ರ ಬಿಟ್ಟು, ದೂರುಗಳಿಲ್ಲವೆಂದು ಕಂಡ ಮೇಲೆ ಎಲ್ಲರಿಗೂ ವಿಸ್ತರಿಸಬಹುದು.

ಬೀಗದ ಕೈ ಯಾರಲ್ಲಿರಬೇಕು?

ಅನೇಕ ಮಠಗಳು, ಬಸವ ಕೇಂದ್ರಗಳು ಉತ್ಸಾಹಿ ಯುವಕರಿಂದಲೋ ಯಾವುದಾದರೂ ಕಂಪನಿಯಿಂದಲೋ ಆ್ಯಪ್ ಮಾಡಿಸುತ್ತವೆ. ಲೋಕಾರ್ಪಣೆ ವಿಜೃಂಭಣೆಯಿಂದ ನೆರವೇರುತ್ತದೆ. ಎರಡು ವರ್ಷಗಳ ನಂತರ ಒಂದು ಅಕ್ಷರ ತಿದ್ದಬೇಕೆಂದರೆ ಆ ಯುವಕರು ಬೇರೆ ಊರಿನಲ್ಲಿರುತ್ತಾರೆ, ಕಂಪನಿ ಮುಚ್ಚಿರುತ್ತದೆ. ಆ್ಯಪ್ ಇದೆ, ಬಳಸುವವರೂ ಇದ್ದಾರೆ, ಆದರೆ ಅದನ್ನು ಬದಲಿಸುವ ಅಧಿಕಾರ ಸಂಸ್ಥೆಯ ಬಳಿ ಇಲ್ಲ.

ಇದರ ತಾಂತ್ರಿಕ ಕಾರಣವನ್ನು ಸಂಸ್ಥೆಗಳನ್ನು ನಡೆಸುವವರು ಅರಿತಿರಬೇಕು. ಆಂಡ್ರಾಯ್ಡ್ ಆ್ಯಪ್‌ಗೆ ಒಂದು ಗುಪ್ತ ಕೀಲಿಯಿಂದ ಸಹಿ ಹಾಕಲಾಗುತ್ತದೆ. ಹೊಸ ಆವೃತ್ತಿಗೂ ಅದೇ ಸಹಿ ಇರಬೇಕು, ಆವೃತ್ತಿ ಸಂಖ್ಯೆ ಹಿಂದಿನದಕ್ಕಿಂತ ಹೆಚ್ಚಿರಬೇಕು, ಅದನ್ನು ಅದೇ ಖಾತೆಯಿಂದ ಏರಿಸಬೇಕು. ಸಹಿ ಬೇರೆಯಾದರೆ ಮೊಬೈಲು ಅದನ್ನು ಅಪ್‌ಡೇಟ್ ಎಂದು ಒಪ್ಪುವುದಿಲ್ಲ. ಮೋಸಗಾರರು ನಕಲಿ ಆವೃತ್ತಿ ಕಳಿಸದಂತೆ ಮಾಡಿದ ರಕ್ಷಣೆ ಇದು. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರಿಗೆ ಬರುವ ಹೊಸ ಆ್ಯಪ್‌ಗಳ ಸಹಿಯ ಕೀಲಿಯನ್ನು ಗೂಗಲ್ ತಾನೇ ಕಾಯ್ದುಕೊಳ್ಳುವ ವ್ಯವಸ್ಥೆ ಬಂದಿದೆ. ಆದರೂ ಖಾತೆ ಯಾರ ಹೆಸರಿನಲ್ಲಿದೆಯೆಂಬ ಪ್ರಶ್ನೆ ಉಳಿದೇ ಇದೆ. ಜೊತೆಗೆ, ಬಹುಕಾಲ ಮರುನಿಯೋಜನೆ ಕಾಣದ ಆ್ಯಪ್‌ಗಳು ಹೊಸ ಆಂಡ್ರಾಯ್ಡ್ ಫೋನ್ ಕೊಂಡವರಿಗೆ ಸ್ಟೋರಿನಲ್ಲಿ ಕಾಣದಂತಾಗುವ ನಿಯಮವೂ ಇದೆ. ಪಠ್ಯದಲ್ಲಿ ತಪ್ಪಿಲ್ಲದಿದ್ದರೂ ಆಗಾಗ ನವೀಕರಿಸುವುದು ಅನಿವಾರ್ಯವೇ.

ಆದ್ದರಿಂದ ಖಾತೆ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು. ಗುಪ್ತಪದ, ಸಹಿಯ ಕೀಲಿ, ಮೂಲ ಕಡತಗಳು, ಜಾಲನಾಮದ ನವೀಕರಣದ ದಿನಾಂಕ, ಇವೆಲ್ಲ ಆಸ್ತಿಪತ್ರಗಳಿದ್ದಂತೆ. ಕನಿಷ್ಠ ಇಬ್ಬರು ಜವಾಬ್ದಾರರ ಬಳಿ ಇವು ಸುರಕ್ಷಿತವಾಗಿರಬೇಕು. ಮರುನಿಯೋಜನೆಯ ಕ್ರಮವನ್ನು ಹಂತಹಂತವಾಗಿ ಕನ್ನಡದಲ್ಲಿ ಬರೆದಿಟ್ಟರೆ ಮುಂದೆ ಬರುವವರು ತಡಕಾಡಬೇಕಾಗದು.

ದೋಷ ಬೇರೆ, ಪಾಠಾಂತರ ಬೇರೆ

ತಂತ್ರಜ್ಞಾನ ತಿದ್ದುವಿಕೆಯನ್ನು ಸುಲಭಗೊಳಿಸಿರುವುದರಿಂದಲೇ ಒಂದು ಸಂಯಮವೂ ನಮಗೆ ಬೇಕಾಗಿದೆ. ಅಚ್ಚಿನ ಕಾಲದಲ್ಲಿ ಒಂದು ಪದ ಬದಲಿಸಲು ಮರುಮುದ್ರಣದವರೆಗೆ ಕಾಯಬೇಕಿತ್ತು. ಆ ಅವಧಿಯಲ್ಲಿ ಹತ್ತು ಜನ ವಿದ್ವಾಂಸರು ನೋಡುತ್ತಿದ್ದರು. ಇಂದು ಒಬ್ಬರು ಕುಳಿತಲ್ಲಿಯೇ ಸಾವಿರಾರು ಮೊಬೈಲುಗಳಲ್ಲಿ ಶರಣರ ಮಾತನ್ನು ಬದಲಿಸಿಬಿಡಬಹುದು. ಬದಲಾದದ್ದು ಯಾರಿಗೂ ತಿಳಿಯದೆಯೂ ಹೋಗಬಹುದು.

ಅನುಸ್ವಾರದ ಬದಲು ಸೊನ್ನೆ ಬಿದ್ದಿರುವುದು ಅಕ್ಷರದೋಷ. ಅದನ್ನು ತಿದ್ದಲು ಚರ್ಚೆ ಬೇಕಿಲ್ಲ. ಆದರೆ ಒಂದು ಓಲೆಯಲ್ಲಿ ಒಂದು ಪದ, ಇನ್ನೊಂದು ಓಲೆಯಲ್ಲಿ ಮತ್ತೊಂದು ಪದ ಇದ್ದರೆ ಅದು ಪಾಠಾಂತರ. ಅದನ್ನು ನಮ್ಮ ರುಚಿಗೆ ತಕ್ಕಂತೆ ಬದಲಿಸಲಾಗದು. ಕರ್ನಾಟಕ ಸರ್ಕಾರ 1993ರಲ್ಲಿ 15 ಸಂಪುಟಗಳಲ್ಲಿ ಪ್ರಕಟಿಸಿದ 'ಸಮಗ್ರ ವಚನ ಸಂಪುಟ' ಯೋಜನೆಯಲ್ಲಿ ಡಾ. ಎಂ.ಎಂ. ಕಲಬುರ್ಗಿಯವರಂತಹ ವಿದ್ವಾಂಸರು ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸಿದ್ದಾರೆ. ನಮ್ಮ ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಅಧ್ಯಯನ ಸಂಸ್ಥೆಯ ಮೂಲಕ ನೂರಾರು ಗ್ರಂಥಗಳನ್ನು ಪ್ರಕಟಿಸಿ 'ಪುಸ್ತಕದ ಸ್ವಾಮಿಗಳು' ಎಂದೇ ಹೆಸರಾದವರು. ಇಂತಹ ಪರಂಪರೆಯ ಪಕ್ಕದಲ್ಲಿ ಕುಳಿತು ಕೆಲಸ ಮಾಡುವವರು ಪ್ರತಿಯೊಂದು ತಿದ್ದುಪಡಿಗೂ ಆಧಾರ ತೋರಿಸಬೇಕು.

ಅಂಕಿತದ ವಿಷಯವಂತೂ ಇನ್ನೂ ಸೂಕ್ಷ್ಮ. 'ವಚನದೀಪ್ತಿ'ಯಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿದ ಬಗೆಗೆ ಎದ್ದ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಗ್ರಂಥದ ಮೇಲೆ ರಾಜ್ಯ ಸರ್ಕಾರ ವಿಧಿಸಿದ್ದ ನಿಷೇಧವನ್ನು 2017ರಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು. ಅಚ್ಚಿನ ಪುಸ್ತಕವಾದ್ದರಿಂದ ಬದಲಾವಣೆ ಎಲ್ಲರ ಕಣ್ಣಿಗೆ ಬಿದ್ದು ಚರ್ಚೆಯಾಯಿತು. ಆ್ಯಪ್‌ನಲ್ಲಿ ಹಾಗಾಗದೆ ಮೌನವಾಗಿ ನಡೆದುಹೋಗುವ ಸಾಧ್ಯತೆಯಿದೆ.

ಹಾಗೆಂದು ಪರಿಷ್ಕರಣೆಯೇ ಸಲ್ಲದೆಂದಲ್ಲ. ನಮ್ಮ ಪರಂಪರೆಯಲ್ಲಿಯೇ 'ಶೂನ್ಯಸಂಪಾದನೆ' ನಾಲ್ಕು ಬಾರಿ ಸಂಪಾದನೆಗೊಂಡಿದೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಈ ನಾಲ್ವರೂ ತಮ್ಮ ತಮ್ಮ ದೃಷ್ಟಿಯಿಂದ ಅದನ್ನು ಹೊಸದಾಗಿ ಕಟ್ಟಿದರು. ಆದರೆ ಒಬ್ಬರದನ್ನು ಇನ್ನೊಬ್ಬರದೆಂದು ಮರೆಮಾಚಲಿಲ್ಲ. ಯಾವ ಶೂನ್ಯಸಂಪಾದನೆಯಿಂದ ಎತ್ತಿಕೊಂಡ ಮಾತೆಂಬುದನ್ನು ಇಂದಿಗೂ ನಾವು ಸಂಪಾದನಕಾರರ ಹೆಸರಿನಿಂದ ಗುರುತಿಸಬಲ್ಲೆವು. ತಂತ್ರಾಂಶದ ಆವೃತ್ತಿ ಸಂಖ್ಯೆ ಮಾಡುವ ಕೆಲಸವೂ ಇದೇ. ಪ್ರತಿ ಮರುನಿಯೋಜನೆಯೊಡನೆ ಯಾವ ವಚನ, ಹಿಂದಿನ ಪಾಠವೇನು, ಈಗಿನದೇನು, ಯಾವ ಸಂಪುಟದ ಎಷ್ಟನೆಯ ವಚನ ಆಧಾರ, ಒಪ್ಪಿದವರಾರು, ದಿನಾಂಕವೇನು ಎಂಬ ಪಟ್ಟಿಯನ್ನು ಆ್ಯಪ್‌ನಲ್ಲಿಯೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಅಚ್ಚಿನ ಕಾಲದ ಒಪ್ಪೋಲೆಗೆ ಈ ಕಾಲದ ರೂಪವಿದು.

ಭಕ್ತರಲ್ಲಿ ವಿನಂತಿ

ತಪ್ಪು ಕಂಡಾಗ ದಯಮಾಡಿ ಸುಮ್ಮನಿರಬೇಡಿರಿ. ತಿಳಿಸುವಾಗ ವಚನದ ಮೊದಲ ಸಾಲು, ವಚನಕಾರರ ಹೆಸರು, ಆ್ಯಪ್‌ನ ಆವೃತ್ತಿ ಸಂಖ್ಯೆ, ಸಾಧ್ಯವಾದರೆ ಮುದ್ರಿತ ಸಂಪುಟದ ಪುಟಸಂಖ್ಯೆಯನ್ನು ಸೇರಿಸಿದರೆ ಕೆಲಸ ಹಗುರಾಗುತ್ತದೆ. ಪರದೆಯ ಚಿತ್ರವೊಂದನ್ನು ಕಳಿಸಿದರೆ ಇನ್ನೂ ಒಳ್ಳೆಯದು.

ತಿದ್ದಲಾಗಿದೆ ಎಂಬ ಉತ್ತರ ಬಂದ ಮೇಲೂ ಹಳೆಯದೇ ಕಂಡರೆ, ಜಾಲತಾಣವಾದರೆ ಪುಟವನ್ನು ಮತ್ತೆ ಲೋಡ್ ಮಾಡಿ ನೋಡಿರಿ. ಆ್ಯಪ್ ಆದರೆ ಪ್ಲೇ ಸ್ಟೋರಿನಲ್ಲಿ ಹೊಸ ಆವೃತ್ತಿ ಇದೆಯೇ ಎಂದು ಪರಿಶೀಲಿಸಿರಿ. ಅವಸರದಲ್ಲಿ ಆ್ಯಪ್‌ನ ದತ್ತಾಂಶವನ್ನು ಅಳಿಸಲು ಅಥವಾ ಆ್ಯಪ್ ತೆಗೆದುಹಾಕಲು ಹೋಗಬೇಡಿರಿ. ನಿಮ್ಮ ಟಿಪ್ಪಣಿಗಳೂ ಹೋಗಬಹುದು. ಕಂಠಪಾಠ, ಮುದ್ರಣ, ಪ್ರವಚನಗಳಿಗಾಗಿ ವಚನವನ್ನು ಬಳಸುವಾಗ ಒಮ್ಮೆ ಮುದ್ರಿತ ಸಂಪುಟದೊಡನೆ ಹೋಲಿಸಿಕೊಳ್ಳುವುದು ಎಂದಿಗೂ ಲೇಸು.

ಆ್ಯಪ್ ನಡೆಸುವ ಮಠ, ಸಂಘ, ಸಂಸ್ಥೆಗಳ ಬಂಧುಗಳಲ್ಲಿಯೂ ಒಂದು ಮಾತು. ತಿದ್ದುಪಡಿಯ ಮನವಿಗೆ "ಆಯಿತು" ಎಂದು ಉತ್ತರಿಸುವ ಮೊದಲು, ಹಳೆಯ ಆವೃತ್ತಿ ಇದ್ದ ಸಾಧಾರಣ ಮೊಬೈಲೊಂದನ್ನು ತೆಗೆದುಕೊಂಡು, ಅಪ್‌ಡೇಟ್ ಮಾಡಿ, ಆ ವಚನವನ್ನು ತೆರೆದು ಕಣ್ಣಾರೆ ಓದಿರಿ. ಹುಡುಕಿಯೂ ನೋಡಿರಿ. ಅಲ್ಲಿ ಸರಿಯಾದ ಪಾಠ ಕಂಡ ಮೇಲೆ ಮಾತ್ರ ಆ ಕಾಯಕ ಮುಗಿದಂತೆ. ಓಲೆಗಳನ್ನು ಹೊತ್ತು ಕಾಪಾಡಿದವರ, ಮೊಳೆ ಜೋಡಿಸಿ ಅಚ್ಚು ಹಾಕಿದವರ ಶ್ರಮ ನಮ್ಮ ಕೈಗೆ ಬಂದಿದೆ. ಅದನ್ನು ಕೆಡದಂತೆ ಮುಂದಿನವರಿಗೆ ತಲುಪಿಸುವ ಹೊಣೆ ಈಗ ನಮ್ಮದು.